ಅಮೆರಿಕದಲ್ಲಿ ಸ್ಪೆಷಾಲಿಟಿಗೆ ಮೊದಲಿನ ಇಂಟರ್ನ್ ವರ್ಷ: ಆರಿಸುವ ಬಗೆ

ನಮ್ಮಲ್ಲಿ ಎಂಬಿಬಿಎಸ್ ಮುಗಿದು, ಹೌಸ್‌ಸರ್ಜನ್ಸಿಯೂ ಮುಗಿದು, ನೀಟ್ ಪಿಜಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ನೇರವಾಗಿ ರೇಡಿಯಾಲಜಿ ಸೀಟಿಗೇ ಸೇರಬಹುದು. ಅಮೆರಿಕದಲ್ಲಿ ಹಾಗಿಲ್ಲ. ರೇಡಿಯಾಲಜಿ, ಅನಸ್ತೇಸಿಯಾ, ಡರ್ಮಟಾಲಜಿ, ನ್ಯೂರಾಲಜಿ, ಪಿಎಂಆರ್ (ದೈಹಿಕ ಪುನರ್ವಸತಿ ವಿಭಾಗ), ರೇಡಿಯೇಶನ್ ಆಂಕಾಲಜಿ, ಇವುಗಳಲ್ಲಿ ಅನೇಕ ಸೀಟುಗಳು ಎರಡನೇ ವರ್ಷದಿಂದ ಶುರುವಾಗುತ್ತವೆ. ಮೊದಲ ವರ್ಷವನ್ನು, ಅಂದರೆ ಪಿಜಿವೈ-1 ಅನ್ನು, ಬೇರೊಂದು ಪ್ರೋಗ್ರಾಂನಲ್ಲಿ, ಎಷ್ಟೋ ಸಲ ಬೇರೆ ರಾಜ್ಯದಲ್ಲಿ, ಮುಗಿಸಿಕೊಂಡು ಬರಬೇಕು. ಅದಕ್ಕೆ ಅರ್ಜಿ ಬೇರೆ, ಇಂಟರ್‌ವ್ಯೂ ಬೇರೆ, ರ‍್ಯಾಂಕ್ ಪಟ್ಟಿಯೂ ಬೇರೆ. ಸ್ಪೆಷಾಲಿಟಿಯ ಚಿಂತೆಯಲ್ಲಿ ಮುಳುಗಿದವರು ಈ ವರ್ಷವನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಸಿಕ್ಕ ಸ್ಪೆಷಾಲಿಟಿ ಸೀಟಿಗೇ ಕುತ್ತು ಬರುವುದು ಆಗ.

ಆರಿಸುವಾಗ ಇಟ್ಟುಕೊಳ್ಳಬೇಕಾದ ಕ್ರಮ ಇದು: ಆ ವರ್ಷ ನಿಮ್ಮ ಸ್ಪೆಷಾಲಿಟಿಯ ಲೆಕ್ಕಕ್ಕೆ ಬರುತ್ತದೆಯೇ, ನಿಮ್ಮ ವೀಸಾಕ್ಕೆ ಹೊಂದುತ್ತದೆಯೇ, ವರ್ಷದ ಕೆಲಸ ಹೇಗೆ ಹಂಚಿಕೆಯಾಗಿದೆ, ಊರು ಯಾವುದು. ಆಸ್ಪತ್ರೆಯ ಹೆಸರು ಇವೆಲ್ಲ ಆದಮೇಲೆ. ಹನ್ನೆರಡೇ ತಿಂಗಳು ಇರುವ ಜಾಗದ ಹೆಸರಿಗಿಂತ ಪಿಜಿವೈ-2 ಮಾಡುವ ಜಾಗದ ಹೆಸರೇ ಮುಂದೆ ನಿಮ್ಮ ಜೊತೆ ಉಳಿಯುತ್ತದೆ.

ಕರ್ನಾಟಕದಲ್ಲಿ ಮಾಡಿದ ಹನ್ನೆರಡು ತಿಂಗಳ ಹೌಸ್‌ಸರ್ಜನ್ಸಿ ಈ ಪಿಜಿವೈ-1ಕ್ಕೆ ಬದಲಿಯಾಗುವುದಿಲ್ಲ. ಇಲ್ಲಿ ಎಂಡಿ ಮುಗಿಸಿದವರಿಗೂ ಸಾಮಾನ್ಯವಾಗಿ ಅದೇ ಮಾತು. ಅಲ್ಲಿನ ವೈದ್ಯ ತರಬೇತಿಗೆ ಮಾನ್ಯತೆ ಕೊಡುವ ಸಂಸ್ಥೆ ಎಸಿಜಿಎಂಇ; ಅದರ ಮಾನ್ಯತೆ ಇರುವ ಪ್ರೋಗ್ರಾಂನಲ್ಲೇ ಆ ವರ್ಷ ಆಗಬೇಕು. ಮಾನ್ಯತೆ ಈಗ ಯಾವ ಸ್ಥಿತಿಯಲ್ಲಿದೆ ಎನ್ನುವುದನ್ನು ಎಸಿಜಿಎಂಇ ತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. 'ಪ್ರೊಬೇಶನರಿ' ಎಂದು ಕಂಡರೆ ಇಂಟರ್‌ವ್ಯೂನಲ್ಲಿ ಕಾರಣ ಕೇಳಿ.

ಸೀಟಿನ ಅಕ್ಷರ ಓದುವುದು

ಅಭ್ಯರ್ಥಿಗಳ ರ‍್ಯಾಂಕ್ ಪಟ್ಟಿಯನ್ನೂ ಪ್ರೋಗ್ರಾಂಗಳ ಪಟ್ಟಿಯನ್ನೂ ಹೊಂದಿಸಿ ಸೀಟು ಹಂಚುವ ಎನ್‌ಆರ್‌ಎಂಪಿ ಮ್ಯಾಚ್‌ನಲ್ಲಿ ಪ್ರತಿ ಪ್ರೋಗ್ರಾಂಗೂ ಒಂದು ಕೋಡ್ ಇರುತ್ತದೆ. ಅದರೊಳಗಿನ ಇಂಗ್ಲಿಷ್ ಅಕ್ಷರ ಸೀಟಿನ ಬಗೆ ಹೇಳುತ್ತದೆ. 'ಸಿ' ಇದ್ದರೆ ಕ್ಯಾಟಗಾರಿಕಲ್: ಇಂಟರ್ನ್ ವರ್ಷವೂ ಒಳಗೇ ಇದೆ, ಬೇರೆ ಹುಡುಕಬೇಕಿಲ್ಲ. 'ಎ' ಇದ್ದರೆ ಅಡ್ವಾನ್ಸ್‌ಡ್: ಮ್ಯಾಚ್ ಆದ ವರ್ಷದಲ್ಲಲ್ಲ, ಮುಂದಿನ ವರ್ಷದ ಜುಲೈಯಲ್ಲಿ ಶುರು. 'ಪಿ' ಇದ್ದರೆ ಒಂದೇ ವರ್ಷದ ಪ್ರಿಲಿಮಿನರಿ ಅಥವಾ ಟ್ರಾನ್ಸಿಷನಲ್ ಸೀಟು. 'ಆರ್' ಸೀಟು ಆಗಲೇ ಪಿಜಿವೈ-1 ಮುಗಿಸಿದ, ಅಥವಾ ಆ ಜೂನ್‌ಗೆ ಮುಗಿಸಲಿರುವ ವೈದ್ಯರಿಗೆ. ಅದು ಮ್ಯಾಚ್ ಆದ ವರ್ಷದಲ್ಲೇ ಎರಡನೇ ವರ್ಷದಿಂದ ಶುರುವಾಗುತ್ತದೆ.

ಒಂದೇ ಆಸ್ಪತ್ರೆಯ ಅನಸ್ತೇಸಿಯಾ ವಿಭಾಗಕ್ಕೆ 'ಸಿ' ಕೋಡೂ 'ಎ' ಕೋಡೂ ಎರಡೂ ಇರಬಹುದು. ಇಂಟರ್‌ವ್ಯೂ ಒಂದೇ, ಆದರೆ ಪಟ್ಟಿಯಲ್ಲಿ ಎರಡನ್ನೂ ಪ್ರತ್ಯೇಕವಾಗಿ ಬರೆಯಬೇಕು. ವೀಸಾ ಬೇಕಾದವರಿಗೆ 'ಸಿ' ಮೇಲೆ, 'ಎ' ಕೆಳಗೆ ಎನ್ನುವುದೇ ನಮ್ಮ ಸಲಹೆ. ಒಂದೇ ಆಸ್ಪತ್ರೆ, ಒಂದೇ ವೀಸಾ ಕಚೇರಿ, ಒಂದೇ ಲೈಸೆನ್ಸ್, ಒಂದೇ ಮನೆ.

ಕಣ್ಣಿನ ವಿಭಾಗದ ದಾರಿ ಬೇರೆ. ಆಫ್ತಲ್ಮಾಲಜಿಗೆ ಎಸ್‌ಎಫ್ ಮ್ಯಾಚ್ ಎಂಬ ಪ್ರತ್ಯೇಕ ಮ್ಯಾಚ್ ಇದೆ, ಅದರ ಫಲಿತಾಂಶ ಮೊದಲೇ ಬರುತ್ತದೆ. ಈಗ ಅಲ್ಲಿ ಇಂಟರ್ನ್ ವರ್ಷ ಬಹುಮಟ್ಟಿಗೆ ಸ್ಪೆಷಾಲಿಟಿಯ ಜೊತೆಗೇ ಜೋಡಿಕೊಂಡಿರುತ್ತದೆ. ಹಾಗಿದ್ದರೂ ಎನ್‌ಆರ್‌ಎಂಪಿ ಪಟ್ಟಿಯಲ್ಲಿ ಯಾವುದಾದರೂ ಕೋಡ್ ಬರೆಯಬೇಕೇ ಎಂದು ಸೀಟು ಕೊಟ್ಟ ಪ್ರೋಗ್ರಾಂ ತಿಳಿಸುತ್ತದೆ. ಅದು ಹೇಳಿದಂತೆ ಅಕ್ಷರಶಃ ಮಾಡಿ.

ಮೂರು ಬಗೆಯ ವರ್ಷ

ಟ್ರಾನ್ಸಿಷನಲ್ ವರ್ಷ ಹಲವು ವಿಭಾಗಗಳ ಮಿಶ್ರಣ. ಮೆಡಿಸಿನ್ ವಾರ್ಡ್, ಐಸಿಯು, ಎಮರ್ಜೆನ್ಸಿ, ಹೊರರೋಗಿ ವಿಭಾಗ, ಜೊತೆಗೆ ಸಾಕಷ್ಟು ಎಲೆಕ್ಟಿವ್, ಅಂದರೆ ನೀವೇ ಆರಿಸಿಕೊಳ್ಳುವ ವಿಭಾಗಗಳು. ಮೂಲ ಕ್ಲಿನಿಕಲ್ ಕೌಶಲದ ವಿಭಾಗಗಳಲ್ಲಿ ಕನಿಷ್ಠ 24 ವಾರ ಇರಲೇಬೇಕೆಂಬ ನಿಯಮವಿದೆ. ಉಳಿದದ್ದನ್ನು ಹೊಂದಿಸುವುದು ಆಸ್ಪತ್ರೆಗೆ ಬಿಟ್ಟದ್ದು. ಎಲೆಕ್ಟಿವ್ ಹೆಚ್ಚು, ನೈಟ್ ಕಡಿಮೆ ಎಂಬ ಕಾರಣಕ್ಕೆ ಡರ್ಮಟಾಲಜಿ, ರೇಡಿಯಾಲಜಿಯವರೆಲ್ಲ ಇದಕ್ಕೇ ಮುಗಿಬೀಳುತ್ತಾರೆ, ಹಾಗಾಗಿ ಸ್ಪರ್ಧೆ ಜೋರು. ಹೊರದೇಶದಲ್ಲಿ ಓದಿದವರು ಟ್ರಾನ್ಸಿಷನಲ್ ಒಂದನ್ನೇ ನಂಬಿ ಅರ್ಜಿ ಹಾಕುವುದು ಅಪಾಯ.

ಪ್ರಿಲಿಮಿನರಿ ಮೆಡಿಸಿನ್ ಎಂದರೆ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯ ಮೊದಲ ವರ್ಷ. ವಾರ್ಡ್, ಐಸಿಯು, ನೈಟ್ ಫ್ಲೋಟ್ (ಸತತವಾಗಿ ಬರೀ ರಾತ್ರಿ ಡ್ಯೂಟಿ) ಹೆಚ್ಚು. ಸೀಟುಗಳು ಹೆಚ್ಚಿವೆ, ವೀಸಾ ಕೊಡುವ ಆಸ್ಪತ್ರೆಗಳೂ ಇಲ್ಲೇ ಹೆಚ್ಚು. ನ್ಯೂರಾಲಜಿಗೆ ಹೋಗುವವರಿಗೆ ಇದೇ ಸರಿಯಾದ ದಾರಿ. ಅನಸ್ತೇಸಿಯಾದವರಿಗೂ ಐಸಿಯು ರೋಗಿಗಳ ಅಭ್ಯಾಸ ಮುಂದಿನ ಮೂರು ವರ್ಷ ನೆರವಿಗೆ ಬರುತ್ತದೆ.

ಪ್ರಿಲಿಮಿನರಿ ಸರ್ಜರಿ ಮೂರರಲ್ಲಿ ಅತಿ ಕಷ್ಟದ್ದು. ಬೆಳಗಿನ ಜಾವ ಪ್ರೀ-ರೌಂಡ್ಸ್, ಆಮೇಲೆ ಫ್ಲೋರ್ ಕೆಲಸ, ಡಿಸ್ಚಾರ್ಜ್, ಕನ್ಸಲ್ಟ್. ಓಟಿ ಒಳಗೆ ಹೋಗಲು ಸಿಗುವುದು ಕಡಿಮೆ. ಇಂಟರ್‌ವೆನ್ಶನಲ್ ರೇಡಿಯಾಲಜಿಯ ಕೆಲವು ಪ್ರೋಗ್ರಾಂಗಳು ಸರ್ಜರಿ ವರ್ಷವನ್ನೇ ಬಯಸುತ್ತವೆ. ಅಂಥ ಕಾರಣವಿದ್ದರೆ ಇದನ್ನು ಮುಂದಿಡಿ, ಇಲ್ಲದಿದ್ದರೆ ಪೂರಕ ಪಟ್ಟಿಯ (ಅಡ್ವಾನ್ಸ್‌ಡ್ ಸೀಟಿಗೆ ಜೋಡಿಸುವ ಇಂಟರ್ನ್ ವರ್ಷದ ಪಟ್ಟಿ, ವಿವರ ಮುಂದಿದೆ) ಕೊನೆಗೆ ಇರಲಿ. ಪ್ರತಿ ವರ್ಷ ಮ್ಯಾಚ್ ಮುಗಿದ ಮೇಲೂ ಹೆಚ್ಚಿನ ಸಂಖ್ಯೆಯಲ್ಲಿ ಖಾಲಿ ಉಳಿಯುವ ಸೀಟುಗಳಲ್ಲಿ ಇದೂ ಒಂದು.

ಬ್ಲಾಕ್ ಪಟ್ಟಿ ಕೈಗೆ ತೆಗೆದುಕೊಂಡು ಲೆಕ್ಕ ಹಾಕಿ

ಪ್ರತಿ ಪ್ರೋಗ್ರಾಂ ತನ್ನ ತಾಣದಲ್ಲಿ ವರ್ಷದ ಹಂಚಿಕೆ ಹಾಕಿರುತ್ತದೆ. ಬಹಳ ಕಡೆ ನಾಲ್ಕು ವಾರದ 13 ಬ್ಲಾಕ್. ಈ ಹಂಚಿಕೆಯನ್ನು ನಿಮ್ಮ ಸ್ಪೆಷಾಲಿಟಿಯ ನಿಯಮದ ಪಕ್ಕದಲ್ಲಿಟ್ಟು ಎಣಿಸಬೇಕು.

ರೇಡಿಯಾಲಜಿಯನ್ನೇ ನೋಡಿ. ಇಂಟರ್ನ್ ವರ್ಷದಲ್ಲಿ ಕನಿಷ್ಠ 9 ತಿಂಗಳು, ಅಂದರೆ 36 ವಾರ, ರೋಗಿಗಳನ್ನು ನೇರವಾಗಿ ನೋಡಿಕೊಳ್ಳುವ ಕೆಲಸ ಇರಬೇಕು. ರೇಡಿಯಾಲಜಿ ಎಲೆಕ್ಟಿವ್ 2 ತಿಂಗಳು ಮೀರುವಂತಿಲ್ಲ. ಒಂದು ಟ್ರಾನ್ಸಿಷನಲ್ ಪ್ರೋಗ್ರಾಂ ಹೀಗಿದೆ ಎಂದುಕೊಳ್ಳಿ: ಮೆಡಿಸಿನ್ ವಾರ್ಡ್ 4 ಬ್ಲಾಕ್, ಐಸಿಯು 1, ಎಮರ್ಜೆನ್ಸಿ 1, ಸರ್ಜರಿ 1, ಕ್ಲಿನಿಕ್ 1, ಎಲೆಕ್ಟಿವ್ 5. ಮೊದಲಿನವು ಸೇರಿ 8 ಬ್ಲಾಕ್, 32 ವಾರ. ಐದು ಎಲೆಕ್ಟಿವ್‌ನಲ್ಲಿ ಎರಡು ರೇಡಿಯಾಲಜಿ, ಎರಡು ರಿಸರ್ಚ್, ಒಂದು ಪೆಥಾಲಜಿ ಎಂದು ತೆಗೆದುಕೊಂಡರೆ ನಾಲ್ಕು ವಾರ ಕೊರತೆ. ಪೆಥಾಲಜಿ ಬದಲು ಕಾರ್ಡಿಯಾಲಜಿ ಕನ್ಸಲ್ಟ್ ತೆಗೆದುಕೊಂಡರೆ 36 ಸರಿಹೋಗುತ್ತದೆ, ಆದರೆ ಅಂಚಿನಲ್ಲಿ ನಿಂತ ಹಾಗೆ. ಕಾಯಿಲೆಯಿಂದ ಒಂದೆರಡು ವಾರ ಹೋದರೆ ಲೆಕ್ಕ ತಪ್ಪುತ್ತದೆ. ಎಲೆಕ್ಟಿವ್ ತುಂಬುವ ಮೊದಲೇ ಆ ಹಂಚಿಕೆಯನ್ನು ಪಿಜಿವೈ-2 ಪ್ರೋಗ್ರಾಂನ ಕೋಆರ್ಡಿನೇಟರ್‌ಗೆ ಕಳಿಸಿ, ಸರಿ ಇದೆ ಎಂದು ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಸಾಲದು.

ಅನಸ್ತೇಸಿಯಾಕ್ಕೆ ಒಳರೋಗಿಗಳ ಆರೈಕೆ ಕನಿಷ್ಠ 6 ತಿಂಗಳು, ಐಸಿಯು ಮತ್ತು ಎಮರ್ಜೆನ್ಸಿ ತಲಾ ಒಂದು ತಿಂಗಳಾದರೂ ಬೇಕು. ಪ್ರಿಲಿಮಿನರಿ ಮೆಡಿಸಿನ್‌ನಲ್ಲಿ ಐಸಿಯು ತಾನಾಗಿ ಬಂದೇ ಬರುತ್ತದೆ. ಎಮರ್ಜೆನ್ಸಿ ಮಾತ್ರ ಕೆಲವು ಕಡೆ ಇರುವುದಿಲ್ಲ, ಅಥವಾ ಎರಡೇ ವಾರ ಇರುತ್ತದೆ. ಇಂಟರ್‌ವ್ಯೂನಲ್ಲಿ ಅದನ್ನು ಕೇಳಿ. ನ್ಯೂರಾಲಜಿಗೆ ಇಂಟರ್ನಲ್ ಮೆಡಿಸಿನ್‌ನಲ್ಲಿ ನೇರ ಹೊಣೆಯ ಕೆಲಸ ಕನಿಷ್ಠ 6 ತಿಂಗಳು ಬೇಕಾಗುವುದರಿಂದ ಎಲೆಕ್ಟಿವ್ ತುಂಬಿದ ಟ್ರಾನ್ಸಿಷನಲ್ ವರ್ಷ ಎಷ್ಟೋ ಕಡೆ ಸಾಲುವುದಿಲ್ಲ. ರೇಡಿಯೇಶನ್ ಆಂಕಾಲಜಿಯಲ್ಲೂ 9 ತಿಂಗಳು ರೋಗಿಗಳ ನೇರ ಆರೈಕೆ. ಡರ್ಮಟಾಲಜಿ ಇವೆಲ್ಲಕ್ಕಿಂತ ಸಡಿಲ, ಮೂರು ಬಗೆಯ ವರ್ಷವೂ ನಡೆಯುತ್ತದೆ. ನಿಯಮಗಳನ್ನು ಆಗಾಗ ಪರಿಷ್ಕರಿಸುತ್ತಾರೆ, ಆದ್ದರಿಂದ ನೀವು ಸೇರುವ ವರ್ಷದ ಪ್ರತಿಯನ್ನೇ ತೆರೆದು ನೋಡಿ.

ಲೆಕ್ಕಕ್ಕೆ ಬಂತು ಎಂದಾದ ಮೇಲೆ ಕೆಲಸದ ಭಾರ. ವಾರಕ್ಕೆ 80 ಗಂಟೆ, ನಾಲ್ಕು ವಾರದ ಸರಾಸರಿಯಲ್ಲಿ; ಏಳು ದಿನಕ್ಕೆ ಒಂದು ರಜೆ, ಅದೂ ಸರಾಸರಿಯಲ್ಲಿ; ಒಂದೇ ಸಮ 24 ಗಂಟೆ ಡ್ಯೂಟಿ, ಹ್ಯಾಂಡೋವರ್‌ಗೆ ಮತ್ತೆ ಹೆಚ್ಚೆಂದರೆ 4. ಈ ಮಿತಿ ಎಲ್ಲ ಕಡೆಯೂ ಒಂದೇ. ಇಂಟರ್ನಲ್ ಮೆಡಿಸಿನ್‌ನಲ್ಲಿ ಮೊದಲ ವರ್ಷದವರಿಗೆ ಒಂದು ಅಡ್ಮಿಶನ್ ದಿನ ಹೊಸ ರೋಗಿಗಳು 5, ಬೇರೆ ತಂಡದಿಂದ ಬಂದವರು 2, ಒಟ್ಟು ನೋಡಿಕೊಳ್ಳುವವರು 10 ಎಂಬ ಮಿತಿಯೂ ಇದೆ. ಆದರೆ 55 ಗಂಟೆಯ ವಾರವೂ 79 ಗಂಟೆಯ ವಾರವೂ ಒಂದೇ ನಿಯಮದೊಳಗೆ ಬರುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಈಗ ಅಲ್ಲಿರುವ ಪ್ರಿಲಿಮಿನರಿ ಇಂಟರ್ನ್ ಜೊತೆಗೇ ಮಾತಾಡಬೇಕು, ಕ್ಯಾಟಗಾರಿಕಲ್ ರೆಸಿಡೆಂಟ್ ಜೊತೆ ಅಲ್ಲ. ಇಬ್ಬರ ವರ್ಷವೂ ಒಂದೇ ರೀತಿ ಇರುತ್ತದೆ ಎಂದು ನಂಬಬೇಡಿ.

ಅವರನ್ನು ಕೇಳಬೇಕಾದದ್ದು ಇಷ್ಟು. ನೈಟ್ ಒಟ್ಟು ಎಷ್ಟು ವಾರ, ನೈಟ್ ಫ್ಲೋಟೋ 24 ಗಂಟೆ ಕಾಲ್‌ಓ? ರಾತ್ರಿ ಕ್ರಾಸ್ ಕವರ್‌ನಲ್ಲಿ (ಬೇರೆ ತಂಡಗಳ ರೋಗಿಗಳನ್ನೂ ನೋಡಿಕೊಳ್ಳುವ ಸರದಿಯಲ್ಲಿ) ಒಬ್ಬ ಇಂಟರ್ನ್ ಎಷ್ಟು ರೋಗಿಗಳನ್ನು ನೋಡಬೇಕು, ಸೀನಿಯರ್ ಆಸ್ಪತ್ರೆಯಲ್ಲೇ ಇರುತ್ತಾರೆಯೇ? ಎಲೆಕ್ಟಿವ್ ಎಂದು ಬರೆದ ವಾರಗಳಲ್ಲಿ ಯಾರಾದರೂ ರಜೆ ಹಾಕಿದರೆ ವಾರ್ಡಿಗೆ ಎಳೆಯುತ್ತಾರೆಯೇ? ಈ ಪ್ರಶ್ನೆಯನ್ನು ಬಿಡಬೇಡಿ, ಕಾಗದದ ಮೇಲೆ ಐದು ಎಲೆಕ್ಟಿವ್ ಇದ್ದು ಕೈಗೆ ಮೂರೇ ಸಿಗುವ ಜಾಗಗಳಿವೆ. ಐಸಿಯು ಬ್ಲಾಕ್ ಪ್ರಿಲಿಮಿನರಿಗಳಿಗೆ ಎಷ್ಟು, ಕ್ಯಾಟಗಾರಿಕಲ್‌ಗಳಿಗೆ ಎಷ್ಟು? ಸ್ಟೆಪ್ 3 (ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತ) ಬರೆಯಲು ಎರಡು ದಿನ ಬಿಡುತ್ತಾರೆಯೇ? ಜೂನ್ ಕೊನೆಯ ವಾರ ರಜೆ ಕೊಡುತ್ತಾರೆಯೇ? ಉತ್ತರ ಕೊಡುವಾಗ ಪ್ರೋಗ್ರಾಂ ಡೈರೆಕ್ಟರ್ ಪಕ್ಕದಲ್ಲಿ ಇರಬಾರದು.

ಸಂಬಳ ಹೆಚ್ಚು ಕಡೆ ವರ್ಷಕ್ಕೆ 60ರಿಂದ 75 ಸಾವಿರ ಡಾಲರ್ ಆಸುಪಾಸು. ಮನೆ ಬಾಡಿಗೆ ದುಬಾರಿಯಾದ ಊರಿನಲ್ಲಿ ಹೆಚ್ಚಿನ ಸಂಬಳವೂ ಉಳಿಯುವುದಿಲ್ಲ. ವರ್ಷದಲ್ಲಿ ಎರಡು ಸಲ ಮನೆ ಬದಲಿಸುವ ಖರ್ಚೂ ಇದೆ. ಹಾಗಾಗಿ ಪಿಜಿವೈ-2 ಊರಿನಲ್ಲೇ ಇಂಟರ್ನ್ ವರ್ಷ ಸಿಕ್ಕರೆ ತುಸು ಹೆಚ್ಚು ಕೆಲಸವಿದ್ದರೂ ಅದನ್ನು ಮೇಲಿಡಬಹುದು.

ವೀಸಾ ಮತ್ತು ಲೈಸೆನ್ಸ್

ಅಡ್ವಾನ್ಸ್‌ಡ್ ಸೀಟು ಒಂದು ಆಸ್ಪತ್ರೆ, ಇಂಟರ್ನ್ ವರ್ಷ ಇನ್ನೊಂದು ಆಸ್ಪತ್ರೆ ಆದಾಗ ಎರಡೂ ಕಡೆ ಒಂದೇ ವೀಸಾ ಸಿಗುವಂತೆ ನೋಡಿಕೊಳ್ಳಬೇಕು. ತರಬೇತಿಗೆ ಬರುವವರ ಜೆ-1 ವೀಸಾ ಆದರೆ ಪ್ರಾಯೋಜಕರು ಇಸಿಎಫ್‌ಎಂಜಿ (ಹೊರದೇಶದಲ್ಲಿ ಓದಿದ ವೈದ್ಯರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ), ಈಗ ಇಂಟೆಲ್ತ್ ಹೆಸರಿನಡಿ. ಆಸ್ಪತ್ರೆ ಬದಲಾದರೂ ಪ್ರಾಯೋಜಕರು ಅವರೇ. ಜೆ-1ಕ್ಕೆ ಬೇಕಾದ ಡಿಎಸ್-2019 ಪತ್ರವನ್ನು ವರ್ಷ ವರ್ಷ ನವೀಕರಿಸುತ್ತಾರೆ, ಪಿಜಿವೈ-2 ಒಪ್ಪಂದ ಪತ್ರ ತೋರಿಸಿದರೆ ಮುಂದಿನ ವರ್ಷಕ್ಕೆ ಸಾಗುತ್ತದೆ. ಎರಡು ಆಸ್ಪತ್ರೆಗಳ ನಡುವೆ ಓಡಾಡುವವರಿಗೆ ಇದೇ ಸುಲಭ. ಆದರೆ ಜೆ-1ರಲ್ಲಿ ಬಂದವರು ತರಬೇತಿ ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕು, ಇಲ್ಲವೇ ವೇವರ್ (ವಿನಾಯಿತಿ) ಪಡೆಯಬೇಕು. ಅದನ್ನು ತಿಳಿದೇ ಹೆಜ್ಜೆ ಇಡಿ.

ಎಚ್-1ಬಿ ಆದರೆ ಪ್ರತಿ ಆಸ್ಪತ್ರೆಯೂ ತಾನೇ ಅರ್ಜಿ ಹಾಕಬೇಕು. ಒಂದು ವರ್ಷ ಇದ್ದು ಹೋಗುವ ಇಂಟರ್ನ್‌ಗೆ ಅಷ್ಟು ಖರ್ಚು ಮಾಡಲು ಬಹಳ ಆಸ್ಪತ್ರೆಗಳು ಒಪ್ಪುವುದಿಲ್ಲ. ಅರ್ಜಿಗೆ ಮೊದಲೇ ಸ್ಟೆಪ್ 3 ಪಾಸಾಗಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಯೂ ಹೊರಬಿತ್ತು. ಕಳೆದ ವರ್ಷ ಎಚ್-1ಬಿ ಕೊಟ್ಟಿದ್ದರು ಎಂಬ ಮಾತನ್ನು ಈ ವರ್ಷಕ್ಕೆ ನಂಬಿಕೊಳ್ಳಬೇಡಿ, ನೇರವಾಗಿ ಬರೆದು ಕೇಳಿ.

ರಾಜ್ಯ ಬೇರೆಯಾದರೆ ತರಬೇತಿ ಲೈಸೆನ್ಸ್ ಅರ್ಜಿಯೂ ಎರಡು ಸಲ. ಕಾಲೇಜು ದಾಖಲೆಗಳ ದೃಢೀಕರಣಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸುವಾಗಲೇ ಮುಚ್ಚಿದ ಲಕೋಟೆಯ ಹೆಚ್ಚುವರಿ ಪ್ರತಿಗಳನ್ನು ಮಾಡಿಸಿಟ್ಟುಕೊಳ್ಳಿ, ಅಮೆರಿಕದಿಂದ ಮತ್ತೆ ಬೆಂಗಳೂರಿಗೆ ಯಾರನ್ನೋ ಓಡಿಸುವುದು ತಪ್ಪುತ್ತದೆ. ವೈದ್ಯರ ದಾಖಲೆ ದೃಢೀಕರಿಸಿಡುವ ಎಫ್‌ಸಿವಿಎಸ್ ಸೇವೆಯ ಮೂಲಕ ಒಮ್ಮೆ ದೃಢೀಕರಿಸಿಟ್ಟರೆ ಮುಂದಿನ ರಾಜ್ಯಕ್ಕೂ ಅದೇ ಕಡತ ಹೋಗುತ್ತದೆ.

ಅರ್ಜಿ

ಆನ್‌ಲೈನ್ ಅರ್ಜಿ ವ್ಯವಸ್ಥೆಯಾದ ಇರಾಸ್‌ನಲ್ಲಿ ಒಂದು ಪ್ರೋಗ್ರಾಂಗೆ ನಾಲ್ಕು ಶಿಫಾರಸು ಪತ್ರಗಳವರೆಗೆ ಹಚ್ಚಬಹುದು. ಎಲ್ಲವನ್ನೂ ರೇಡಿಯಾಲಜಿಸ್ಟ್‌ಗಳಿಂದಲೇ ತಂದರೆ ಮೆಡಿಸಿನ್ ವಿಭಾಗದವರಿಗೆ ನೀವು ವಾರ್ಡ್ ಕೆಲಸ ಮಾಡುತ್ತೀರೋ ಇಲ್ಲವೋ ತಿಳಿಯುವುದಿಲ್ಲ. ಕನಿಷ್ಠ ಒಂದು, ಸಾಧ್ಯವಾದರೆ ಎರಡು ಪತ್ರ ಇಂಟರ್ನಲ್ ಮೆಡಿಸಿನ್ ವೈದ್ಯರಿಂದ ಇರಲಿ, ಪ್ರಿಲಿಮಿನರಿ ಅರ್ಜಿಗಳಿಗೆ ಅವನ್ನೇ ಹಚ್ಚಿ. ಪರ್ಸನಲ್ ಸ್ಟೇಟ್‌ಮೆಂಟ್ ಕೂಡ ಬೇರೆ ಬರೆಯಿರಿ: ಮುಂದೆ ಯಾವ ಸ್ಪೆಷಾಲಿಟಿ ಎಂದು ಮುಚ್ಚಿಡದೆ ಹೇಳಿ, ಈ ವರ್ಷದಲ್ಲಿ ಏನು ಕಲಿಯಬೇಕೆಂದಿದ್ದೀರಿ ಎಂದು ಎರಡು ಪ್ಯಾರಾ ಸಾಕು. ಅರ್ಜಿ ಸೆಪ್ಟೆಂಬರ್‌ನಲ್ಲೇ ಹೋಗಲಿ. ಅಡ್ವಾನ್ಸ್‌ಡ್ ಇಂಟರ್‌ವ್ಯೂ ಬಂದಮೇಲೆ ನೋಡೋಣ ಎಂದರೆ ನವೆಂಬರ್‌ನಲ್ಲಿ ಪ್ರಿಲಿಮಿನರಿ ಇಂಟರ್‌ವ್ಯೂಗಳು ಹಂಚಿಹೋಗಿರುತ್ತವೆ.

ಅಡ್ವಾನ್ಸ್‌ಡ್ ಪ್ರೋಗ್ರಾಂನ ಇಂಟರ್‌ವ್ಯೂ ಬಂದ ದಿನವೇ ಅದೇ ಆಸ್ಪತ್ರೆಯ ಪ್ರಿಲಿಮಿನರಿ ಕೋಆರ್ಡಿನೇಟರ್‌ಗೆ ನಾಲ್ಕು ಸಾಲು ಬರೆಯಿರಿ: ನಿಮ್ಮ ಆಸ್ಪತ್ರೆಯ ರೇಡಿಯಾಲಜಿಯಲ್ಲಿ ಇಂಥ ದಿನ ಇಂಟರ್‌ವ್ಯೂ ಇದೆ, ಇಂಟರ್ನ್ ವರ್ಷವನ್ನೂ ಇಲ್ಲೇ ಮಾಡುವ ಆಸೆ ಇದೆ ಎಂದು. ಇಂಥ ಕೋರಿಕೆಗೆ ಮಣಿಯುವ ಪ್ರೋಗ್ರಾಂಗಳಿವೆ.

ಪೂರಕ ಪಟ್ಟಿ: ಎಡವುವ ಜಾಗ

ಎನ್‌ಆರ್‌ಎಂಪಿಯಲ್ಲಿ ಮುಖ್ಯ ಪಟ್ಟಿಯಲ್ಲಿ ಅಡ್ವಾನ್ಸ್‌ಡ್ ಮತ್ತು ಕ್ಯಾಟಗಾರಿಕಲ್ ಸೀಟುಗಳನ್ನು ಬರೆಯುತ್ತೀರಿ. ಪ್ರತಿ ಅಡ್ವಾನ್ಸ್‌ಡ್ ಸೀಟಿಗೂ ಒಂದು ಪೂರಕ ಪಟ್ಟಿ ಜೋಡಿಸಬಹುದು. ಉದಾಹರಣೆಗೆ ಮುಖ್ಯ ಪಟ್ಟಿ: 1. ಶಿಕಾಗೊ ರೇಡಿಯಾಲಜಿ (ಎ), 2. ಡೆಟ್ರಾಯಿಟ್ ರೇಡಿಯಾಲಜಿ (ಸಿ), 3. ಹ್ಯೂಸ್ಟನ್ ರೇಡಿಯಾಲಜಿ (ಎ). ಶಿಕಾಗೊಗೆ ಜೋಡಿಸುವ ಪಟ್ಟಿ: ಶಿಕಾಗೊ ಟ್ರಾನ್ಸಿಷನಲ್, ಶಿಕಾಗೊ ಮೆಡಿಸಿನ್, ಡೆಟ್ರಾಯಿಟ್ ಮೆಡಿಸಿನ್, ಹ್ಯೂಸ್ಟನ್ ಮೆಡಿಸಿನ್. ಹ್ಯೂಸ್ಟನ್‌ಗೆ ಜೋಡಿಸುವ ಪಟ್ಟಿಯಲ್ಲಿ ಹ್ಯೂಸ್ಟನ್ ಮೆಡಿಸಿನ್ ಮೇಲಕ್ಕೆ ಬರುತ್ತದೆ, ಉಳಿದ ಮೂರು ಅದರ ಕೆಳಗೆ. ಡೆಟ್ರಾಯಿಟ್ ಸೀಟು ಕ್ಯಾಟಗಾರಿಕಲ್ ಆದ್ದರಿಂದ ಅದಕ್ಕೆ ಪೂರಕ ಪಟ್ಟಿ ಬೇಡ.

ಕಂಪ್ಯೂಟರ್ ಮೊದಲು ಮುಖ್ಯ ಪಟ್ಟಿ ನೋಡುತ್ತದೆ. ಹ್ಯೂಸ್ಟನ್ ಸಿಕ್ಕರೆ ಮಾತ್ರ ಹ್ಯೂಸ್ಟನ್‌ಗೆ ಜೋಡಿಸಿದ ಪೂರಕ ಪಟ್ಟಿ ತೆರೆಯುತ್ತದೆ. ಯಾವ ಅಡ್ವಾನ್ಸ್‌ಡ್ ಸೀಟೂ ಸಿಗದಿದ್ದರೆ ಪೂರಕ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ಪೂರಕ ಪಟ್ಟಿ ಉದ್ದವಾದರೆ ಅಡ್ವಾನ್ಸ್‌ಡ್ ಸೀಟಿನ ಅವಕಾಶ ಕುಗ್ಗುತ್ತದೆ ಎಂಬ ಭಯ ಸುಳ್ಳು. ಹೋಗಲು ಒಪ್ಪುವ ಪ್ರತಿ ಪ್ರಿಲಿಮಿನರಿಯನ್ನೂ ಪ್ರತಿ ಪೂರಕ ಪಟ್ಟಿಗೂ ಸೇರಿಸಿ. ಒಟ್ಟು 20 ಬೇರೆ ಬೇರೆ ಪೂರಕ ಪ್ರೋಗ್ರಾಂಗಳವರೆಗೆ ನೋಂದಣಿ ಶುಲ್ಕದಲ್ಲೇ ಸೇರಿದೆ, ಮೀರಿದರೆ ತಲಾ ಇಷ್ಟು ಎಂದು ಹೆಚ್ಚುವರಿ.

ತಪ್ಪುವುದು ಎರಡು ಕಡೆ. ಪೂರಕ ಪಟ್ಟಿ ಮಾಡಿ ಒಂದೇ ಅಡ್ವಾನ್ಸ್‌ಡ್ ಸೀಟಿಗೆ ಜೋಡಿಸಿ ಉಳಿದವುಗಳನ್ನು ಮರೆಯುವುದು ಒಂದು. ಕೊನೆಯ ದಿನ ಬದಲಾವಣೆ ಮಾಡಿ ಮತ್ತೆ ಸರ್ಟಿಫೈ ಒತ್ತದೆ ಬಿಡುವುದು ಇನ್ನೊಂದು. ಪಟ್ಟಿಯ ಮುಂದೆ ಸರ್ಟಿಫೈಡ್ ಎಂದು ಕಂಡ ಮೇಲೆ ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಪ್ರಿಲಿಮಿನರಿಯನ್ನು ಮುಖ್ಯ ಪಟ್ಟಿಯ ಕೆಳಗೂ ಬರೆಯಬಹುದು: ಸ್ಪೆಷಾಲಿಟಿ ಸಿಗದಿದ್ದರೆ ಒಂದು ವರ್ಷವಾದರೂ ಇರಲಿ ಎಂದು. ಆ ವರ್ಷ ಮಾಡುತ್ತಲೇ 'ಆರ್' ಸೀಟುಗಳಿಗೆ ಅರ್ಜಿ ಹಾಕುವ ದಾರಿ ಅದರಿಂದ ತೆರೆಯುತ್ತದೆ. ಆದರೆ ಮುಂದಿನ ಸೀಟು ಸಿಗದಿದ್ದರೆ ಜೂನ್ 30ಕ್ಕೆ ಕೆಲಸವೂ ವೀಸಾದ ಆಧಾರವೂ ಒಟ್ಟಿಗೆ ಮುಗಿಯುತ್ತವೆ. ಹೀಗೆ ಹೋಗುವವರು, ಹಿಂದಿನ ಮೂರು ವರ್ಷ ಸೀಟಿಲ್ಲದೆ ಬಂದ ಪ್ರಿಲಿಮಿನರಿಗಳು ಎಲ್ಲಿಗೆ ಹೋದರು ಎಂದು ಪ್ರೋಗ್ರಾಂ ಅನ್ನು ಕೇಳಲೇಬೇಕು. ಹೆಸರು ಬೇಡ, ಎಷ್ಟು ಮಂದಿಗೆ ಯಾವ ಸ್ಪೆಷಾಲಿಟಿ ಸಿಕ್ಕಿತು ಎಂದು ಹೇಳಿದರೆ ಸಾಕು. ಹೇಳಲು ಹಿಂಜರಿದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಅಡ್ವಾನ್ಸ್‌ಡ್ ಸಿಕ್ಕು ಇಂಟರ್ನ್ ವರ್ಷ ಸಿಗದಿದ್ದರೆ ಅದು ಭಾಗಶಃ ಮ್ಯಾಚ್. ಮಾರ್ಚ್‌ನ ಮ್ಯಾಚ್ ವಾರದಲ್ಲಿ ಖಾಲಿ ಉಳಿದ ಸೀಟುಗಳನ್ನು ಹಂಚುವ ಸೋಪ್ ಮೂಲಕ ಪ್ರಿಲಿಮಿನರಿ ಸೀಟುಗಳಿಗಷ್ಟೇ ಅರ್ಜಿ ಹಾಕಬಹುದು, ಹೆಚ್ಚೆಂದರೆ 45 ಪ್ರೋಗ್ರಾಂ. ಅವರಾಗಿ ಸಂಪರ್ಕಿಸುವ ಮೊದಲು ನೀವು ಫೋನ್, ಇಮೇಲ್ ಮಾಡುವಂತಿಲ್ಲ. ಮಾಡಿದರೆ ನಿಯಮ ಮುರಿದಂತೆ. ಭಾರತದಲ್ಲಿದ್ದರೆ ಅಮೆರಿಕದ ಪೂರ್ವ ಕರಾವಳಿಯ ಬೆಳಗ್ಗೆ 9 ಇಲ್ಲಿ ಸಂಜೆ 6.30, ಆ ವಾರದ ಸಂಜೆ-ರಾತ್ರಿಗಳಲ್ಲಿ ಕರೆಂಟ್, ಇಂಟರ್ನೆಟ್ ಎರಡಕ್ಕೂ ಬದಲಿ ವ್ಯವಸ್ಥೆ ಇಟ್ಟುಕೊಳ್ಳಿ. ಯಾವ ಅಡ್ವಾನ್ಸ್‌ಡ್ ಪ್ರೋಗ್ರಾಂ ಸಿಕ್ಕಿದೆ ಎಂದು ವಾರದ ಕೊನೆಯ ಫಲಿತಾಂಶದಲ್ಲಿ ತಿಳಿದ ಮೇಲೂ ಇಂಟರ್ನ್ ವರ್ಷ ಸಿಕ್ಕಿರದಿದ್ದರೆ ಆ ಪ್ರೋಗ್ರಾಂಗೆ ತಕ್ಷಣ ತಿಳಿಸಿ. ತಮ್ಮ ಸೀಟು ಖಾಲಿ ಬೀಳುವುದು ಅವರಿಗೂ ಬೇಡ, ಎಷ್ಟೋ ಸಲ ಅವರೇ ದಾರಿ ತೋರಿಸುತ್ತಾರೆ.

ವರ್ಷ ಶುರುವಾದ ಮೇಲೆ

ಮ್ಯಾಚ್ ಒಪ್ಪಂದ ಎರಡೂ ಸೀಟಿಗೆ ಅನ್ವಯಿಸುತ್ತದೆ. ಎನ್‌ಆರ್‌ಎಂಪಿಯಿಂದ ವೇವರ್ ಪಡೆಯದೆ ಬಿಟ್ಟುಹೋಗುವಂತಿಲ್ಲ. ದೀರ್ಘ ರಜೆ ತೆಗೆದುಕೊಳ್ಳಬೇಕಾಗಿ ಬಂದರೆ ಆ ದಿನವೇ ಎರಡೂ ಪ್ರೋಗ್ರಾಂಗಳಿಗೆ ಹೇಳಿ. ಹೆರಿಗೆ, ಕಾಯಿಲೆಗೆ ತರಬೇತಿಯ ಅವಧಿಯಲ್ಲಿ ಒಮ್ಮೆಯಾದರೂ ಆರು ವಾರ ಸಂಬಳದ ರಜೆ ಕೊಡಬೇಕೆಂಬ ನಿಯಮ 2022ರಿಂದ ಇದೆ, ಆದರೆ ರಜೆ ಸಿಕ್ಕಿತೆಂದು ಹನ್ನೆರಡು ತಿಂಗಳ ಲೆಕ್ಕ ತುಂಬಿತೆಂದಲ್ಲ. ಕೊರತೆ ಬಿದ್ದ ವಾರಗಳನ್ನು ಜುಲೈಯಲ್ಲಿ ತುಂಬಬೇಕಾದರೆ ಪಿಜಿವೈ-2 ಆರಂಭ ಮುಂದಕ್ಕೆ ಹೋಗುತ್ತದೆ.

ಸ್ಟೆಪ್ 3 ಅನ್ನು ಹೊರರೋಗಿ ಅಥವಾ ಎಲೆಕ್ಟಿವ್ ಬ್ಲಾಕ್‌ಗೆ ಹೊಂದಿಸಿ. ಪಿಜಿವೈ-2 ಶುರುವಾದ ಮೇಲೆ ಮೆಡಿಸಿನ್ ದಿನೇ ದಿನೇ ಮರೆಯುತ್ತದೆ. ಕೊನೆಯ ಬ್ಲಾಕ್ ವಾರ್ಡೋ ನೈಟೋ ಆಗದಂತೆ ಶೆಡ್ಯೂಲ್ ಹಾಕುವ ಮೊದಲೇ ಚೀಫ್ ರೆಸಿಡೆಂಟ್‌ಗೆ ಹೇಳಿಡಿ. ಇಂಟರ್ನ್ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಆದರೆ ಹೊಸ ಜಾಗದ ಓರಿಯಂಟೇಶನ್ ಜೂನ್ ಕೊನೆಯ ವಾರದಲ್ಲೇ ಶುರುವಾಗಬಹುದು. ಆ ವಾರಕ್ಕೆಂದು ಒಂದು ವಾರ ರಜೆ ಉಳಿಸಿಕೊಳ್ಳಿ. ಮಾರ್ಚ್‌ನಲ್ಲೇ ಪಿಜಿವೈ-2 ಕೋಆರ್ಡಿನೇಟರ್‌ಗೆ ಓರಿಯಂಟೇಶನ್ ದಿನಾಂಕ ಕೇಳಿ, ಜೆ-1 ನವೀಕರಣದ ಕಾಗದವನ್ನೂ ಆಗಲೇ ಎತ್ತಿಕೊಳ್ಳಿ. ಬಿಡುವ ಮೊದಲು ಇಂಟರ್ನ್ ಪ್ರೋಗ್ರಾಂ ಡೈರೆಕ್ಟರ್‌ರಿಂದ ಅಂತಿಮ ಮೌಲ್ಯಮಾಪನ, ಬ್ಲಾಕ್‌ವಾರು ಹಂಚಿಕೆ ಮತ್ತು ಪೂರ್ಣಗೊಳಿಸಿದ ಪತ್ರ ಹೊಸ ಪ್ರೋಗ್ರಾಂಗೆ ಹೋಗಿದೆಯೇ ಎಂದು ಖಚಿತಪಡಿಸಿಕೊಂಡು, ಸಹಿ ಮಾಡಿದ ಒಂದು ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ.